ಸ್ವಿಚರಿನ ಹಣೆ

ಸಿರುಗುಪ್ಪದಲ್ಲಿರುವ ನನ್ನ ಅಕ್ಕ ಅಕ್ಕನಾಗಮ್ಮನ ಮನೆಯಲ್ಲಿ ಎರಡು ವಸ್ತುಗಳು ಒಂದಕ್ಕಿಂತ ಹೆಚ್ಚು ಇರಕೂಡದು: ಒಲೆ ಮತ್ತು ಟಿವಿ. ಮಿಕ್ಕ ಯಾವುದಕ್ಕೂ ಅವಳ ಅಡ್ಡಿಯಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಎರಡು ಮೋಟಾರ್ ಸೈಕಲ್, ತಲೆಗೊಂದು ಫೋನು ಇವೆ. ಆದರೆ ಒಲೆ ಒಂದೇ, ಟಿವಿ ಒಂದೇ.

ಕಾರಣ ಕೇಳಿದವರಿಗೆ ಅವಳು ತೆಕ್ಕಲಕೋಟೆಯ ಕಥೆ ಹೇಳುತ್ತಾಳೆ. ಅವಳು ಮದುವೆಯಾಗಿ ಹೋದ ಮನೆ ಅಲ್ಲಿತ್ತು. ಅವಳ ಮೈದುನ ತನ್ನ ಕೋಣೆಗೆಂದು ಬೇರೆ ರೇಡಿಯೊ ತಂದ. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂಡುವುದು ನಿಂತಿತು. ಮೈದುನನ ಹೆಂಡತಿ ರೇಡಿಯೊ ಬಿಟ್ಟು ಏಳಲಾರದೆ ಕೋಣೆಯಲ್ಲೇ ಚಹಾ ಕಾಸಲು ಸೀಮೆಎಣ್ಣೆಯ ಸ್ಟೋವ್ ಇಟ್ಟುಕೊಂಡಳು. ಮುಂದಿನ ಸುಗ್ಗಿಯ ಹೊತ್ತಿಗೆ ಪಡಸಾಲೆಯ ನಡುವೆ ಗೋಡೆ ಎದ್ದಿತ್ತು. ಅಕ್ಕನ ಗಂಡ, ನನ್ನ ಭಾವ, ತಮ್ಮ ಪಾಲನ್ನು ಮಾರಿ ಸಿರುಗುಪ್ಪಕ್ಕೆ ಬಂದು ನೆಲೆಸಿದರು.

"ರೇಡಿಯೊ ಮೊದಲು, ಒಲಿ ಆಮ್ಯಾಲ, ಗೋಡಿ ಕಡೀಕ," ಎನ್ನುವುದು ಅವಳ ಸಿದ್ಧಾಂತ. ಇದನ್ನು ನಾನು ಗಣಿತದಿಂದ ಸಾಧಿಸಿ ತೋರಿಸಲಾರೆ. ಸುಳ್ಳೆಂದು ತೋರಿಸುವ ಉದಾಹರಣೆಯೂ ನನಗೆ ಸಿಕ್ಕಿಲ್ಲ.

ಬಸವ ಜಯಂತಿ ಹತ್ತಿರವಿದ್ದಾಗ ಅವಳು ಕುರುಗೋಡಿಗೆ ಫೋನ್ ಮಾಡಿದಳು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು.

"ಲೇ ಪ್ರಭು, ಮನಿ ಒಡಿಯಾಕ ಬಂದೈತಿ. ಬಸ್ ಹತ್ತು."

"ಏನಾತಕ್ಕ?"

"ವೀರಭದ್ರ ಎರಡನೇ ಟಿವಿ ತರತಾನಂತ."

ನಾನು ಬಸ್ ಹತ್ತಿದೆ.

ಹೋಗಿ ನೋಡಿದರೆ ಪಡಸಾಲೆಯಲ್ಲಿ ಅಕ್ಕನ ಹಿರಿಯ ಮಗ ವೀರಭದ್ರ ಟಿವಿಯ ಹಿಂದೆ ಅರ್ಧ ದೇಹವನ್ನು ತೂರಿಸಿ ನಿಂತಿದ್ದ. ಅವನ ಹೆಂಡತಿ ಜ್ಯೋತಿ ಸೊಂಟದ ಮೇಲೆ ಕೈಯಿಟ್ಟು ಅವನ ಬೆನ್ನನ್ನು ನೋಡುತ್ತಿದ್ದಳು.

ವಿಷಯ ಇಷ್ಟು. ಟಿವಿಯ ಬೆನ್ನಿನಲ್ಲಿ ಹೊರಗಿನ ಪೆಟ್ಟಿಗೆಗಳ ವೈರ್ ಸಿಕ್ಕಿಸಲು ಎರಡು ತೂತುಗಳಿದ್ದವು. ಹಿಂದಿನ ಮಳೆಗಾಲದ ಸಿಡಿಲಿಗೆ ಒಂದು ಸುಟ್ಟುಹೋಗಿತ್ತು. ಉಳಿದ ಒಂದಕ್ಕೆ ಕಾದಿದ್ದ ವೈರ್‌ಗಳು ನಾಲ್ಕು. ಸೆಟ್‌ಟಾಪ್ ಬಾಕ್ಸಿನಲ್ಲಿ ಅಕ್ಕನ ಪ್ರವಚನವೂ ಜ್ಯೋತಿಯ ಧಾರಾವಾಹಿಯೂ ಬರುತ್ತಿದ್ದವು. ವೀರಭದ್ರ ಭತ್ತದ ವ್ಯಾಪಾರಿ. ಹಿತ್ತಲಿನಾಚೆ, ದನದ ಕೊಟ್ಟಿಗೆಯ ಹಿಂದಿರುವ ಕಣದಲ್ಲಿ ಭತ್ತ ಒಣಗಲು ಹರಡಿ, ಕಂಬಕ್ಕೆ ಕ್ಯಾಮೆರಾ ಹಾಕಿಸಿ, ಅದರ ಪೆಟ್ಟಿಗೆಯನ್ನು ಪಡಸಾಲೆಗೆ ತಂದಿದ್ದ. ಗೊಬ್ಬರದ ಅಂಗಡಿ ನಡೆಸುವ ಕಿರಿಯ ಮಗ ಅಮರೇಶ್ ಇಂಟರ್ನೆಟ್ಟಿನಿಂದ ಚಿತ್ರ ತರುವ ಬೆರಳುದ್ದದ ಕಡ್ಡಿಯೊಂದನ್ನು ಸಿಕ್ಕಿಸಿ ಕ್ರಿಕೆಟ್ ನೋಡುತ್ತಿದ್ದ. ಅವನ ಹೆಂಡತಿ ರಶ್ಮಿ ಬಿ.ಎಡ್. ಓದುತ್ತಿದ್ದಳು, ಪಾಠದ ವಿಡಿಯೊಗಳನ್ನು ಲ್ಯಾಪ್‌ಟಾಪಿನಿಂದ ದೊಡ್ಡ ಪರದೆಗೆ ತಂದು ನೋಡುತ್ತಿದ್ದಳು. ಪ್ರತಿ ಸಲವೂ ಒಬ್ಬರ ವೈರ್ ಕಿತ್ತು ಇನ್ನೊಬ್ಬರದನ್ನು ಸಿಕ್ಕಿಸಬೇಕು.

"ಮಾವಾರೇ, ನೀವಽ ನ್ಯಾಯ ಹೇಳ್ರಿ," ಎಂದಳು ಜ್ಯೋತಿ. "ಧಾರಾವಾಹಿದಾಗ ಕೋರ್ಟಿನ್ಯಾಗ ತೀರ್ಪು ಓದಾಕತ್ತಿದ್ರು. ಇವರು ಬಂದು ವೈರ್ ಕಿತ್ತು ಭತ್ತ ತೋರಿಸಿದ್ರು."

"ಭತ್ತ ಐತಿ ಅಂತ ಧಾರಾವಾಹಿ ಐತಿ," ಎಂದ ವೀರಭದ್ರ ಟಿವಿಯ ಹಿಂದಿನಿಂದ.

"ಭತ್ತ ಎಲ್ಲಿಗೂ ಓಡಿ ಹೋಗಂಗಿಲ್ಲ. ತೀರ್ಪು ಹೋತು."

"ನನ್ನ ಪಾಠದಾಗೂ ಹಂಗಽ ಆತ್ರಿ ಮಾವಾರೇ," ಎಂದು ರಶ್ಮಿ ಒಳಗಿನಿಂದ ಸೇರಿಸಿದಳು. "ಮಕ್ಕಳ ಮನಸ್ಸು ಅರ್ಥ ಮಾಡಿಕೊಳ್ಳೋದು ಹೆಂಗ ಅಂತ ಹೇಳಾಕತ್ತಿದ್ರು, ಅಷ್ಟರಾಗ ನಮ್ಮನಿಯವರು ಸಿಕ್ಸರ್ ಹೊಡಿಸಿದ್ರು."

ವೀರಭದ್ರ ಹೊರಗೆ ಬಂದು ಕೈ ಝಾಡಿಸಿದ. ಅವನು ಒಳ್ಳೆಯ ಹುಡುಗ. ತಾಯಿಯ ಮಾತು ಮೀರಿದವನಲ್ಲ. ಆದರೆ ಅಂದು ಅವನ ದನಿ ಗಟ್ಟಿಯಾಗಿತ್ತು. "ಮಾಮ, ಕಿತ್ತು ಕಿತ್ತು ಉಳಿದಿರೋ ತೂತೂ ಸಡಲಾಗೈತಿ. ಹಬ್ಬಕ್ಕ ಬಳ್ಳಾರ್ಯಾಗ ಟಿವಿ ಅಗ್ಗಕ್ಕ ಕೊಡತಾರ. ಒಂದು ತಂದು ಮ್ಯಾಲಿನ ಕೋಣಿಗೆ ಹಾಕತೀನಿ. ಕ್ಯಾಮೆರಾ ಅಲ್ಲಿಗೆ ಹೋಗತೈತಿ. ಯಾರಿಗೂ ತ್ರಾಸಿಲ್ಲ."

"ಮ್ಯಾಲೆ ಟಿವಿ ಹೋದ ಮ್ಯಾಲ ಚಾ ಎಲ್ಲಿ ಕಾಸತೀರಿ?" ಎಂದಳು ಅಕ್ಕ.

"ಅವ್ವ, ಚಾಕ್ಕೂ ಟಿವಿಗೂ ಏನು ಸಂಬಂಧ?"

"ತೆಕ್ಕಲಕೋಟಿ ಗೋಡಿಗೆ ಹೋಗಿ ಕೇಳು."

ನಾನು ಸಮಸ್ಯೆಯನ್ನು ಬಿಡಿಸಿ ನೋಡಿದೆ. ಟಿವಿಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ; ಅದರ ಬೆನ್ನಿನ ತೂತುಗಳ ಸಂಖ್ಯೆ ಕಡಿಮೆಯಾಗಿತ್ತು. ನಾಲ್ಕು ವೈರ್‌ಗಳನ್ನು ಒಂದೆಡೆ ಸೇರಿಸಿ, ಬೇಕಾದುದನ್ನು ಮಾತ್ರ ಟಿವಿಗೆ ಬಿಡುವ ಸಾಧನವೊಂದು ಇರಲೇಬೇಕು. ಹಾಗೆಂದು ಹೇಳಿದೆ.

ವೀರಭದ್ರ ಒಂದು ಗಳಿಗೆ ಯೋಚಿಸಿದ. "ಹಬ್ಬದ ಒಳಗ ಆದ್ರ ಆತು ಮಾಮ. ಆಗಲಿಲ್ಲಾಂದ್ರ ಹಬ್ಬದ ದಿನ ನಾನು ಬಳ್ಳಾರಿಗೆ ಹೋಗಾವನಽ. ಅವ್ವ, ಇದಕ್ಕ ನಿನ್ನ ಒಪ್ಪಿಗಿ ಬೇಕು."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿದಳು. ಒಡೆದ ಮನೆಯೊಂದನ್ನು ಕಂಡವಳು ತನ್ನ ಕೈಯಿಂದ ಕಟ್ಟಿದ ಮನೆಯನ್ನು ನನ್ನ ಮಾತಿನ ಮೇಲೆ ಪಣಕ್ಕಿಟ್ಟಿದ್ದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೆಹಬೂಬ್ ಬಾಷಾ ಎಂಬವನ ಅಂಗಡಿಯಿದೆ. ಆಟೋಗಳು ಭುಜ ತಾಗಿಸಿಕೊಂಡು ಹೋಗುವ ಗಲ್ಲಿಯಲ್ಲಿ, ಹಳೆಯ ಟಿವಿಗಳ ರಾಶಿಯ ನಡುವೆ ಅವನು ಕೂತಿರುತ್ತಾನೆ. ನಾನು ಸಮಸ್ಯೆಯನ್ನು ಹೇಳಿ ಮುಗಿಸುವ ಮೊದಲೇ ಅವನು ಸಾಬೂನಿನ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆಯನ್ನು ಮುಂದಿಟ್ಟ.

"ಸ್ವಿಚರ್ ಸಾರ್. ನಾಲ್ಕು ಹಾದಿ, ಒಂದು ಬಾಗಿಲು. ಒಬ್ಬರು ಒಳಗ ಹೋದ್ರ ಉಳಿದ ಮೂವರು ಕಟ್ಟಿ ಮ್ಯಾಲ ಕುಂದರಬೇಕು. ರಿಮೋಟಿನ್ಯಾಗ ಒಂದು, ಎರಡು, ಮೂರು, ನಾಕು ಅಂತ ಐತಿ. ಯಾರನ್ನ ಕರಿಬೇಕೋ ಆ ನಂಬರ್ ಒತ್ತರಿ, ಅವರು ಬರತಾರ."

"ಜಗಳ ನಿಲ್ಲುತ್ತದೆಯೇ?"

"ವೈರಿನ ಜಗಳ ನಿಲ್ಲತೈತಿ. ಮಂದಿ ಜಗಳ ನನ್ನ ಅಂಗಡ್ಯಾಗ ರಿಪೇರಿ ಆಗಂಗಿಲ್ಲ ಸಾರ್."

ಅವನು ಅದನ್ನು ಒಂದು ಟಿವಿಗೆ ಜೋಡಿಸಿ, ನನ್ನ ಕಣ್ಣೆದುರು ಪ್ರತಿಯೊಂದು ಅಂಕಿಯನ್ನೂ ಒತ್ತಿ ತೋರಿಸಿದ. ಪೆಟ್ಟಿಗೆಯ ಮುಖದ ಸಣ್ಣ ದೀಪ ಒಂದರಿಂದ ಇನ್ನೊಂದಕ್ಕೆ ಹಾರಿತು. ಆಮೇಲೆ ಬದಿಯ ಗುಂಡಿಯೊಂದನ್ನು ಆಚೆ ಸರಿಸಿದ.

"ಇದು ಆಟೋ. ಯಾರ ಪೆಟಿಗಿ ಎಚ್ಚರಾತೋ ಟಿವಿ ತಾನಽ ಅವರ ಕಡಿ ಜಿಗಿತೈತಿ. ಬಂದ್ ಮಾಡೀನಿ. ಜಗಳ ಬಿಡಿಸಾಕ ಬಂದೀರಿ, ಖೂನ್ ಆದೀತು."

"ಮತ್ತೇನಾದರೂ ಎಚ್ಚರಿಕೆ ಇದೆಯೇ?"

"ಮುಖದ ಮುಂದ ಏನೂ ಅಡ್ಡ ಇಡಬ್ಯಾಡ್ರಿ. ರಿಮೋಟಿನ ಬೆಳಕು ನೆಟ್ಟಗ ಬಂದು ಇಲ್ಲಿ ತಾಗಬೇಕು," ಎಂದು ಮುಖದ ನಡುವೆಯಿದ್ದ ಕಪ್ಪು ಗಾಜಿನ ಚುಕ್ಕೆಯನ್ನು ಉಗುರಿನಿಂದ ತಟ್ಟಿದ. "ಅಷ್ಟು ನೋಡಿಕೊಳ್ಳರಿ. ಉಳಿದದ್ದು ಬರಾಬರ್ ನಡಿತೈತಿ."

ಅವನು ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಸಿರುಗುಪ್ಪಕ್ಕೆ ಮರಳಿ ಟಿವಿಯ ಕೆಳಗಿನ ಹಲಗೆಯನ್ನು ಖಾಲಿ ಮಾಡಿಸಿದೆ. ಹಿತ್ತಾಳೆಯ ನಂದಿ, ಪ್ಲಾಸ್ಟಿಕ್ಕಿನ ಗುಲಾಬಿ, ರಶ್ಮಿಗೆ ಕಾಲೇಜಿನಲ್ಲಿ ಸಿಕ್ಕ ಬಹುಮಾನದ ಕಪ್, ಎಲ್ಲವೂ ಎದುರಿನ ಗೂಡಿಗೆ ಹೋದವು. ವೈರ್‌ಗಳಿಗೆ ಹಿರಿತನದ ಕ್ರಮದಲ್ಲಿ ಅಂಕಿ ಬರೆದು ಅಂಟಿಸಿದೆ. ಒಂದು ಅಕ್ಕನ ಸೆಟ್‌ಟಾಪ್ ಬಾಕ್ಸ್, ಎರಡು ಅಮರೇಶನ ಕಡ್ಡಿ, ಮೂರು ಕಣದ ಕ್ಯಾಮೆರಾ, ನಾಲ್ಕು ರಶ್ಮಿಯ ಲ್ಯಾಪ್‌ಟಾಪ್.

"ಮಾಮ, ಹಿರಿತನ ಅಂದ್ರ ನಾನು ಎರಡು, ತಮ್ಮ ಮೂರು ಆಗಬೇಕಿತ್ತಲ್ಲ?" ಎಂದ ವೀರಭದ್ರ.

"ಇದು ಪೆಟ್ಟಿಗೆಗಳ ಹಿರಿತನ. ಅವನ ಕಡ್ಡಿ ನಿನ್ನ ಕ್ಯಾಮೆರಾಕ್ಕಿಂತ ಮೊದಲು ಈ ಮನೆಗೆ ಬಂದದ್ದು."

ಅಮರೇಶ್ ಮೀಸೆಯಲ್ಲಿ ನಕ್ಕ. ನಾನು ರಿಮೋಟನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಒಂದನ್ನು ಒತ್ತಿದಳು. ಸ್ವಾಮಿಗಳು ಬಂದು ಪ್ರವಚನ ಮಾಡಿದರು. ಎರಡನ್ನು ಒತ್ತಿದಳು, ಹಸಿರು ಮೈದಾನದಲ್ಲಿ ಯಾರೋ ಓಡಿದರು. ಮೂರಕ್ಕೆ ಭತ್ತ, ನಾಲ್ಕಕ್ಕೆ ಮಕ್ಕಳ ಮನಸ್ಸು. ಮತ್ತೆ ಒಂದು. ಸ್ವಾಮಿಗಳು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

"ಕಟ್ಟಿ ಮ್ಯಾಲ ಕುಂತಿದ್ರು ಪಾಪ," ಎಂದಳು ಅಕ್ಕ. ಅವಳ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ನಾನು ಬಹುಕಾಲದಿಂದ ಕಂಡಿರಲಿಲ್ಲ. "ಜ್ಯೋತಿ, ವಿಭೂತಿ ಗಟ್ಟಿ ತಾ."

ಆ ಮನೆಗೆ ಬಂದ ಯಾವ ವಸ್ತುವೂ ಬೋಳು ಹಣೆಯಲ್ಲಿ ಉಳಿಯುವುದಿಲ್ಲ. ಮಿಕ್ಸರಿಗೆ, ಗ್ಯಾಸಿನ ಸಿಲಿಂಡರಿಗೆ, ಭತ್ತ ತೂಗುವ ತಕ್ಕಡಿಗೆ, ರಶ್ಮಿಯ ಲ್ಯಾಪ್‌ಟಾಪಿನ ಬೆನ್ನಿಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಕರೆಂಟಿನ ಮೀಟರಿನ ಗಾಜಿಗೂ ಹಚ್ಚಿದೆ. ಮೀಟರ್ ಓದಲು ಬರುವವನು ವಿಭೂತಿ ಒರೆಸಿ, ಅಂಕಿ ಬರೆದುಕೊಂಡು, ಅಕ್ಕನಿಂದ ಗಟ್ಟಿ ಇಸಿದುಕೊಂಡು ತಾನೇ ಮತ್ತೆ ಹಚ್ಚಿ ಹೋಗುತ್ತಾನೆ. ಇದು ಆ ಮನೆಯಲ್ಲಿ ಯಾರ ಗಮನಕ್ಕೂ ಬರುವ ಸಂಗತಿಯಲ್ಲ.

ಅಕ್ಕ ವಿಭೂತಿಯನ್ನು ನೀರಿನಲ್ಲಿ ತೇಯುವಷ್ಟರಲ್ಲಿ ವೀರಭದ್ರ ಮೂರನ್ನು ಒತ್ತಿ ತನ್ನ ಭತ್ತ ನೋಡಿಕೊಂಡ. ಅವಳು ಪುಟ್ಟ ಪೆಟ್ಟಿಗೆಯ ಮುಖಕ್ಕೆ ಅಡ್ಡಲಾಗಿ ಮೂರು ಬೆರಳು ಎಳೆದಳು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸರಿಯಾಗಿ ನಡುವೆ ಇಟ್ಟಳು. ಊದಿನಕಡ್ಡಿ ಬೆಳಗಿದಳು. ನಾವೆಲ್ಲ ಕೈ ಮುಗಿದೆವು. ಚಹಾ ಬಂತು.

ಚಹಾ ಮುಗಿದ ಮೇಲೆ ಜ್ಯೋತಿ ಧಾರಾವಾಹಿಗೆಂದು ರಿಮೋಟ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ರಶ್ಮಿ ಒತ್ತಿದಳು. ಅಮರೇಶ್ ರಿಮೋಟಿನ ಬೆನ್ನಿಗೆ ಎರಡು ಏಟು ಕೊಟ್ಟು ಒತ್ತಿದ. ಟಿವಿಯಲ್ಲಿ ಭತ್ತ ಒಣಗುತ್ತಲೇ ಇತ್ತು.

ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಕೈಯಿಂದ ಒತ್ತಿದರೆ ಚಿತ್ರ ಬದಲಾಗುತ್ತಿತ್ತು. ಆದುದರಿಂದ ವೈರ್‌ಗಳು ಸರಿ. ರಶ್ಮಿ ರಿಮೋಟಿನ ತುದಿಯನ್ನು ತನ್ನ ಫೋನಿನ ಕ್ಯಾಮೆರಾದ ಮುಂದೆ ಹಿಡಿದು ಒತ್ತಿದಳು. ನಮ್ಮ ಕಣ್ಣಿಗೆ ಕಾಣದ ಬೆಳಕು ಫೋನಿನ ಪರದೆಯಲ್ಲಿ ನೇರಳೆ ಚುಕ್ಕೆಯಾಗಿ ಮಿನುಗಿತು. ಆದುದರಿಂದ ರಿಮೋಟೂ ಸರಿ. ಉಳಿದದ್ದು ಪೆಟ್ಟಿಗೆಯೊಂದೇ. ಅದು ಕೆಟ್ಟಿದೆಯೆಂದು ನಾನು ತೀರ್ಮಾನಿಸಿದೆ. ಎಲ್ಲ ಹೆಜ್ಜೆಗಳೂ ಕ್ರಮಬದ್ಧವಾಗಿದ್ದವು.

"ಎದ್ದು ಹೋಗಿ ಗುಂಡಿ ಒತ್ತೋದಾದ್ರ ಎದ್ದು ಹೋಗಿ ವೈರ್ ಕೀಳೋದಽ ಏನು ತಪ್ಪಿತ್ತು?" ಎಂದ ವೀರಭದ್ರ. "ಅವ್ವನ ಮೊಣಕಾಲಿಗೆ ಎರಡೂ ಒಂದಽ."

"ಬದಲಿಸಿ ತರುತ್ತೇನೆ," ಎಂದೆ.

ಪೂಜೆಯಾದ ವಸ್ತುವನ್ನು ಹಾಗೆಯೇ ಬಜಾರಿಗೆ ಒಯ್ಯುವುದು ಅಕ್ಕನಿಗೆ ಸರಿಬರಲಿಲ್ಲ. ಒದ್ದೆ ಬಟ್ಟೆಯಿಂದ ಅದರ ಮುಖವನ್ನು ಶುಚಿಯಾಗಿ ಒರೆಸಿ, ಕೂಸಿನಂತೆ ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಕೌಲ್ ಬಜಾರಿನಲ್ಲಿ ಬಾಷಾ ಅದನ್ನು ಜೋಡಿಸಿದ. ಅಂಗಡಿಯ ಬಾಗಿಲಲ್ಲಿ ನಿಂತು ಒತ್ತಿದ, ರಸ್ತೆಗಿಳಿದು ಒತ್ತಿದ, ಎದುರಿನ ಬಳೆ ಅಂಗಡಿಯ ಕಟ್ಟೆಯಿಂದಲೂ ಒತ್ತಿದ. ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ.

"ಇದಕ್ಕ ಏನಾಗೈತಿ ಸಾರ್? ಕುದುರಿ ಇದ್ದಂಗ ಐತಿ."

"ಸಿರುಗುಪ್ಪದಲ್ಲಿ ಓಡಲಿಲ್ಲ."

"ಬಳ್ಳಾರ್ಯಾಗ ಓಡತೈತಿ, ಸಿರುಗುಪ್ಪದಾಗ ಓಡಂಗಿಲ್ಲ ಅಂದ್ರ ಇದೇನು ಲೋಕಲ್ ಬಸ್ ಏನ್ರಿ?" ಎಂದು ಅವನು ತಲೆ ಕೆರೆದುಕೊಂಡ. ಆದರೂ ವಾದ ಬೆಳೆಸಲಿಲ್ಲ. "ಮನಸ್ಸಿಗೆ ಸಮಾಧಾನ ಇರಲಿ. ಬ್ಯಾರೆ ಪೀಸ್ ಒಯ್ಯಿರಿ. ಮುಂದ ಏನೂ ಅಡ್ಡ ಇಟ್ಟಿಲ್ಲ ಹೌದಿಲ್ಲೋ?"

"ನಾನೇ ನಿಂತು ತೆಗೆಸಿದ್ದೇನೆ," ಎಂದೆ.

ಎರಡನೆಯ ಪೆಟ್ಟಿಗೆಯನ್ನು ಅಕ್ಕ ಹೊಸ್ತಿಲಲ್ಲೇ ತಡೆದಳು. ಹಿಂದಿನದಕ್ಕೆ ದೃಷ್ಟಿಯಾಗಿತ್ತು, ಪೂಜೆ ತಡವಾದದ್ದೇ ಕಾರಣ ಎಂಬುದು ಅವಳ ಅಭಿಪ್ರಾಯ. ಈ ಸಲ ನಿಂಬೆಹಣ್ಣು ನಿವಾಳಿಸಿ, ವಿಭೂತಿಯನ್ನು ಇನ್ನಷ್ಟು ದಪ್ಪವಾಗಿ ಎಳೆದು, ಕುಂಕುಮ ಇಟ್ಟು, ಆಮೇಲೆ ಒಳಗೆ ಬಿಟ್ಟಳು. ಜೋಡಿಸಿ ರಿಮೋಟ್ ಒತ್ತಿದೆವು. ಅದು ಹಿಂದಿನದಕ್ಕಿಂತಲೂ ಗಾಢವಾದ ನಿದ್ರೆಯಲ್ಲಿತ್ತು.

ಆ ಸಂಜೆ ಪಡಸಾಲೆಯಲ್ಲಿ ಅನೇಕ ವಾದಗಳು ಹುಟ್ಟಿದವು. ಅಮರೇಶ್ ಬಿಸಿಲಿನ ಝಳವನ್ನು ದೂಷಿಸಿದ. ಜ್ಯೋತಿ ವೋಲ್ಟೇಜನ್ನು ದೂಷಿಸಿದಳು. ಪಕ್ಕದ ಮನೆಯ ಗಾದೆಮ್ಮ ಸಕ್ಕರೆ ಕೇಳಲು ಬಂದವಳು, ಟಿವಿ ತೆಂಕಣ ಗೋಡೆಗಿದ್ದುದೇ ತಪ್ಪೆಂದು ಹೇಳಿ ಸಕ್ಕರೆ ಮರೆತು ಹೋದಳು. ಮರುದಿನ ಹಬ್ಬ. ವೀರಭದ್ರ ಸ್ನೇಹಿತನಿಗೆ ಫೋನ್ ಮಾಡಿ ಬೆಳಿಗ್ಗೆ ಟೆಂಪೊ ತರಲು ತಿಳಿಸಿದ. ಅಕ್ಕ ಅದನ್ನು ಕೇಳಿಸಿಕೊಂಡಳು. ಕೊಟ್ಟ ಮಾತಿಗೆ ಅವಳು ಎದುರಾಡಲಿಲ್ಲ.

ಬಸವ ಜಯಂತಿಯ ಬೆಳಿಗ್ಗೆ ಪೂಜೆ ಮುಗಿಸಿ ವೀರಭದ್ರ ಟೆಂಪೊ ಹತ್ತಿದ. ಅಮರೇಶ್ ಅಂಗಡಿಯ ಪೂಜೆಗೆ ಹೋದ. ಒಳಗೆ ಹೋಳಿಗೆಯ ಹೂರಣ ಬೇಯುತ್ತಿತ್ತು. ಅಕ್ಕ ಹೂರಣ ಕದಡುವುದನ್ನು ಬಿಟ್ಟು ಒಲೆಯನ್ನೇ ನೋಡುತ್ತ ಕುಳಿತಿದ್ದಳು.

"ಈ ಒಲಿ ಮ್ಯಾಲ ಇದಽ ಕಡೀ ಹೋಳಗಿ ಏನೋ," ಎಂದಳು.

"ಅತ್ತಿ, ಹಂಗ್ಯಾಕ ಅಂತೀರಿ?" ಎಂದಳು ಜ್ಯೋತಿ. "ಟಿವಿ ಬಂದ್ರ ನಾನೇನು ಮ್ಯಾಲೆ ಹೋಗಿ ಕುಂದರತೀನೇನು?"

"ನೀ ಹೋಗಂಗಿಲ್ಲ. ಟಿವಿ ಕರಕೊಂಡು ಹೋಗತೈತಿ."

ನನಗೆ ಸುಮ್ಮನೆ ಕೂರಲಾಗಲಿಲ್ಲ. ಉತ್ತರ ತಾಳೆಯಾಗದಿದ್ದಾಗ ಮಕ್ಕಳಿಗೆ ನಾನು ಹೇಳುತ್ತಿದ್ದ ಮಾತು ಒಂದೇ: ಕಡೆಯ ಸಾಲನ್ನು ತಿದ್ದಬೇಡ, ಮೊದಲ ಸಾಲಿಗೆ ಹೋಗು. ಒಂದು ಕಡೆ ಬಾಷಾನ ಅಂಗಡಿಯನ್ನು ಇಟ್ಟೆ, ಇನ್ನೊಂದು ಕಡೆ ಅಕ್ಕನ ಪಡಸಾಲೆಯನ್ನು. ಎರಡರಲ್ಲೂ ಇದ್ದುದನ್ನು ಕಳೆಯುತ್ತ ಬಂದೆ. ಪೆಟ್ಟಿಗೆ ಎರಡೂ ಕಡೆ ಇತ್ತು, ಹೋಯಿತು. ರಿಮೋಟ್ ಹೋಯಿತು. ಕರೆಂಟ್ ಹೋಯಿತು. ಬಿಸಿಲು ಬಳ್ಳಾರಿಯಲ್ಲಿ ಕಡಿಮೆಯೇನಿಲ್ಲ, ಅದೂ ಹೋಯಿತು. ಮೊದಲ ದಿನ ಇದೇ ಪಡಸಾಲೆಯಲ್ಲಿ ಚಹಾಕ್ಕೆ ಮುಂಚೆ ಅದು ಕೆಲಸ ಮಾಡಿತ್ತು. ಆದ್ದರಿಂದ ಪಡಸಾಲೆಯೂ ಹೋಯಿತು. ಚಹಾಕ್ಕೆ ಮುಂಚೆ, ಚಹಾದ ನಂತರ. ನಡುವೆ ಏನಿತ್ತು?

"ಅಕ್ಕ," ಎಂದೆ. "ಪೆಟಿಗಿ ಬಳ್ಳಾರಿಗೆ ಹೋಗೋ ಮುಂದ ನೀ ಅದಕ್ಕ ಏನು ಮಾಡಿದಿ?"

"ಒರಸಿ ಕೊಟ್ಟೆ."

"ಹೊಸಾದು ಬಂದ ಮ್ಯಾಲ?"

"ಹಚ್ಚಿದೆ."

"ಎಲ್ಲಿಗೆ ಹಚ್ಚಿದಿ?"

"ಹಣಿಗೆ. ಮತ್ತೆಲ್ಲಿಗೆ ಹಚ್ಚತಾರಲೇ?"

ನಾನು ಎದ್ದು ಟಿವಿಯ ಮುಂದೆ ಬಗ್ಗಿ ನೋಡಿದೆ. ಬಾಷಾ ಉಗುರಿನಿಂದ ತಟ್ಟಿ ತೋರಿಸಿದ್ದ ಕಪ್ಪು ಗಾಜಿನ ಚುಕ್ಕೆ ಕಾಣಿಸಲಿಲ್ಲ. ಅದರ ಮೇಲೆ ಒಣಗಿದ ವಿಭೂತಿ, ವಿಭೂತಿಯ ಮೇಲೆ ಎಣ್ಣೆಗುಂಕುಮ. ಮುಖದ ಮುಂದೆ ಏನೂ ಅಡ್ಡ ಇರಬಾರದೆಂದು ನಂದಿಯನ್ನು ಎತ್ತಿಸಿದ್ದೆ, ಗುಲಾಬಿಯನ್ನು ಎತ್ತಿಸಿದ್ದೆ. ವಿಭೂತಿಯನ್ನು ನಾನು ಎಣಿಸಿರಲೇ ಇಲ್ಲ. ಆ ಮನೆಯಲ್ಲಿ ಯಾರೂ ಎಣಿಸುವುದಿಲ್ಲ. ದಿನವೂ ಕನ್ನಡಿಯಲ್ಲಿ ನನ್ನ ಹಣೆಯ ಮೇಲೆ ಅದನ್ನು ನೋಡುತ್ತೇನೆ. ಅದು ಚರ್ಮದಷ್ಟೇ ನನ್ನದು.

"ಇದನ್ನ ಒರಸಬೇಕಕ್ಕ."

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಬಸವ ಜಯಂತಿ ದಿನ ವಿಭೂತಿ ಒರಸು ಅಂತೀಯೇನ್ಲೇ? ಎಷ್ಟು ಓದಿದ್ರೇನು, ಬಾಯಿಗೆ ಬಂದಿದ್ದು ಆಡತಿ."

"ರಿಮೋಟಿನ ಬೆಳಕು ಒಳಗ ಹೋಗಾಕ ಅದೊಂದಽ ಜಾಗ. ಅಲ್ಲಿ ನೀ ಬೊಟ್ಟು ಇಟ್ಟೀದಿ."

"ಅತ್ತಿ, ಕಣ್ಣಾಗ ಕುಂಕುಮ ಹಾಕಿದಂಗ ಆಗೈತ್ರಿ ಅದಕ್ಕ," ಎಂದಳು ರಶ್ಮಿ ಹಿಂದಿನಿಂದ ಇಣುಕಿ.

ಅಕ್ಕ ಪೆಟ್ಟಿಗೆಯನ್ನು ನೋಡಿದಳು. ಬೀದಿಯ ಕಡೆ ನೋಡಿದಳು. ಟೆಂಪೊ ಹೋದ ದಾರಿ ಅದು. ಆ ಮನೆಯಲ್ಲಿ ಅವಳು ಹಚ್ಚಿದ ವಿಭೂತಿಯನ್ನು ಹಬ್ಬದ ದಿನ ಒರೆಸಿದವರಿಲ್ಲ. ಆ ಮನೆಯಲ್ಲಿ ಎರಡನೆಯ ಟಿವಿಯೂ ಇರಲಿಲ್ಲ. ಎರಡರಲ್ಲಿ ಒಂದು ಇಂದು ಆಗಲೇಬೇಕಿತ್ತು.

"ಜ್ಯೋತಿ," ಎಂದಳು ಕೊನೆಗೆ. "ಪೂಜಿ ತಂಬಿಗಿ ತಾ. ಹತ್ತಿ ತಾ. ಒರಸಂಗಿಲ್ಲ. ಮಜ್ಜನ ಮಾಡಸತೀನಿ."

"ಕರೆಂಟಿನ ದೇವರಕ್ಕ," ಎಂದೆ. "ಮಜ್ಜನ ಹತ್ತಿಯಾಗಽ ಆಗಲಿ. ತಂಬಿಗಿ ದೂರ ಇರಲಿ."

ರಶ್ಮಿ ಸ್ವಿಚ್ ಆರಿಸಿದಳು. ಅಕ್ಕ ಹತ್ತಿಯ ಉಂಡೆಯನ್ನು ಅದ್ದಿ, ಹಿಂಡಿ, ಪೆಟ್ಟಿಗೆಯ ಮುಖವನ್ನು ಮೆಲ್ಲಗೆ ತೊಳೆದಳು. ಕಪ್ಪು ಗಾಜು ಹೊಳೆಯಿತು. ಬೋಳಾದ ಅದನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ. ಒಂದು ಗಳಿಗೆ ಯೋಚಿಸಿ, ಮೂರು ಬೆರಳುಗಳನ್ನು ಪೆಟ್ಟಿಗೆಯ ಮೇಲ್ಭಾಗಕ್ಕೆ ಎಳೆದು, ಅಲ್ಲಿಯೇ ಬೊಟ್ಟಿಟ್ಟಳು.

"ಇದರ ಹಣಿ ಇಲ್ಲಿ ಐತಿ. ಆವತ್ತು ನನಗ ಗೊತ್ತಾಗಿರಲಿಲ್ಲ," ಎಂದಳು.

ಸ್ವಿಚ್ ಹಾಕಿದೆವು. ಅಕ್ಕ ರಿಮೋಟ್ ಎತ್ತಿದಳು. ಒಂದು ಒತ್ತಿದಳು, ಸ್ವಾಮಿಗಳು ಬಸವಣ್ಣನವರ ವಿಷಯ ಹೇಳುತ್ತಿದ್ದರು. ನಾಲ್ಕು ಒತ್ತಿದಳು, ರಶ್ಮಿಯ ಪಾಠ. ಎರಡು, ಕ್ರಿಕೆಟ್. ಮೂರು ಒತ್ತಿದಳು.

ಕಣ ಬಂತು. ಹರಡಿದ ಭತ್ತದ ನಡುವೆ ಒಂದು ಎಮ್ಮೆ ನಿಂತಿತ್ತು. ಅದು ಅವಸರದಲ್ಲಿರಲಿಲ್ಲ. ತಲೆ ತಗ್ಗಿಸಿ ತಿಂದು, ತಲೆ ಎತ್ತಿ ಕ್ಯಾಮೆರಾವನ್ನು ನೋಡಿ, ಮತ್ತೆ ತಲೆ ತಗ್ಗಿಸಿತು. ಹಿಂದೆ ಬೇವಿನ ನೆರಳಿನಲ್ಲಿ ಕಾವಲಿನ ಮೈಲಾರಲಿಂಗಪ್ಪ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ.

"ಅದು ಗಾದೆಮ್ಮನ ಎಮ್ಮಿ," ಎಂದು ಅಕ್ಕ ಶಾಂತವಾಗಿ ಹೇಳಿದಳು. "ಸಕ್ಕರಿ ಮರತು ಹೋದಳಲ್ಲ, ಭತ್ತಕ್ಕ ಕಳಸ್ಯಾಳ."

ಜ್ಯೋತಿ ಕಸಬರಿಗೆ ಹಿಡಿದು ಹಿತ್ತಲ ಬಾಗಿಲಿನಿಂದ ಓಡಿದಳು. ಕಣಕ್ಕೆ ಹೋಗಲು ಕೊಟ್ಟಿಗೆಯನ್ನು ಬಳಸಬೇಕು. ಪಡಸಾಲೆಯಲ್ಲಿ ನಾವು ಮೂವರೂ ಟಿವಿಯ ಮುಂದೆ ಕುಳಿತು ಕಾದೆವು. ಎಮ್ಮೆ ತಿನ್ನುತ್ತಿತ್ತು. ಪರದೆಯ ಎಡ ಅಂಚಿನಲ್ಲಿ ಮೊದಲು ಕಸಬರಿಗೆ ಕಂಡಿತು, ಅದರ ಹಿಂದೆ ಸೀರೆ ಎತ್ತಿ ಕಟ್ಟಿದ ಜ್ಯೋತಿ.

"ನೋಡ ರಶ್ಮಿ, ನಿಮ್ಮಕ್ಕ ಟಿವಿಯಾಗ ಬಂದಳು," ಎಂದಳು ಅಕ್ಕ.

ಜ್ಯೋತಿ ಎಮ್ಮೆಗೆ ಒಂದು ಏಟು ಕೊಟ್ಟಳು. ಎಮ್ಮೆ ಓಡಿತು, ಓಡುವಾಗ ಮೈಲಾರಲಿಂಗಪ್ಪನ ಕಾಲ ಬಳಿ ಹಾದಿತು, ಅವನು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಎಮ್ಮೆಯನ್ನು ಬಿಟ್ಟು ಜ್ಯೋತಿಗೆ ನಮಸ್ಕಾರ ಮಾಡಿದ. ಅವಳು ಕಸಬರಿಗೆಯನ್ನು ಅವನ ಕಡೆಗೂ ತಿರುಗಿಸಿದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ಒಳಗಿನ ಹೂರಣ ಸೀಯುವ ವಾಸನೆ ಬಂದರೂ ಏಳಲಿಲ್ಲ. ರಶ್ಮಿ ಓಡಿಹೋಗಿ ಪಾತ್ರೆ ಇಳಿಸಿದಳು.

ಅಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು. ವೀರಭದ್ರ.

"ಅವ್ವ, ಅಂಗಡ್ಯಾಗ ಅದೀನಿ. ಟಿವಿ ಆರಿಸಾಕತ್ತೀನಿ."

"ಆರಿಸು. ಇಲ್ಲಿ ನಿನ್ನ ಭತ್ತ ಗಾದೆಮ್ಮನ ಎಮ್ಮಿ ಆರಿಸಾಕತ್ತಿತ್ತು."

"ಏನು?"

"ಜ್ಯೋತಿ ಓಡಿಸಿದಳು. ನಾವು ಟಿವಿಯಾಗ ನೋಡಿದಿವಿ. ಒಂದು, ನಾಕು, ಎರಡು, ಮೂರು, ಎಲ್ಲಾ ಕುಂತಲ್ಲೇ ಬರತಾವ ಈಗ."

ಆ ಕಡೆ ಅಂಗಡಿಯವರು ಬೆಲೆ ಕೂಗುವುದು ಕೇಳಿಸುತ್ತಿತ್ತು.

"ವೀರಭದ್ರ," ಎಂದಳು ಅಕ್ಕ. ಅವಳ ದನಿಯಲ್ಲಿ ಈಗ ನಗುವಿರಲಿಲ್ಲ. "ಮಾತು ಕೊಟ್ಟೀನಿ, ತರಬ್ಯಾಡ ಅನ್ನಂಗಿಲ್ಲ. ಒಂದು ಕೇಳತೀನಿ. ಕ್ಯಾಮೆರಾ ಮ್ಯಾಲಿನ ಕೋಣ್ಯಾಗ ಇದ್ದಿದ್ರ, ನೀ ಬಳ್ಳಾರ್ಯಾಗ ಇರೋ ಹೊತ್ತಿನ್ಯಾಗ ಆ ಎಮ್ಮಿ ನೋಡೋರು ಯಾರಿದ್ರು?"

ಅವನು ಆಮೇಲೆ ಮಾಡುತ್ತೇನೆಂದು ಹೇಳಿ ಫೋನ್ ಇಟ್ಟ.

ಮಧ್ಯಾಹ್ನದ ಊಟಕ್ಕೆ ಟೆಂಪೊ ಬಂದು ಬಾಗಿಲಲ್ಲಿ ನಿಂತಿತು. ಅಕ್ಕ ಒಳಗಿನಿಂದ ಬರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಟೆಂಪೊದ ಹಿಂದಿನ ಹಲಗೆ ಬಿಚ್ಚಿದ ಸದ್ದು ಕೇಳಿಸಿತು. ವೀರಭದ್ರ ಒಳಗೆ ಬಂದ. ಅವನ ಹೆಗಲ ಮೇಲಿದ್ದದ್ದು ತಾಡಪತ್ರಿಯ ಸುರುಳಿ, ಕೈಯಲ್ಲಿದ್ದದ್ದು ಬಿಸಿ ಮಿರ್ಚಿಯ ಪೊಟ್ಟಣ.

"ಅಂಗಡ್ಯಾಗ ಗದ್ದಲ ಭಾಳಿತ್ತು," ಎಂದ ಗೋಡೆಯನ್ನು ನೋಡುತ್ತ. "ಭತ್ತ ಮುಚ್ಚಾಕ ಇದು ಬೇಕಾಗಿತ್ತು, ತಂದೆ."

"ಕೈಕಾಲು ತೊಳಕೊಂಡು ಬಾ," ಎಂದಳು ಅಕ್ಕ. "ಹೂರಣ ಒಂಚೂರು ಸೀದೈತಿ. ಹಂಗಽ ತಿನ್ನಬೇಕು."

ಊಟವಾದ ಮೇಲೆ ಅವನು ರಿಮೋಟ್ ಹಿಡಿದು ಬಾಗಿಲಿನಿಂದ ಒತ್ತಿ ನೋಡಿದ, ಅಂಗಳದಿಂದ ಒತ್ತಿ ನೋಡಿದ. ಆಮೇಲೆ ಪೆಟ್ಟಿಗೆಯ ಹತ್ತಿರ ಬಗ್ಗಿ, ಮೇಲಿನ ವಿಭೂತಿಯನ್ನು ಕಂಡು, ತನ್ನ ಹಣೆ ಮುಟ್ಟಿಕೊಂಡ.

"ಮಾಮ, ಹಂಗಾರ ಎರಡೂ ಪೆಟಿಗಿ ಸರಿ ಇದ್ದುವೇನು?"

"ಎರಡೂ ಸರಿ ಇದ್ದುವು. ನನ್ನ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟಿತ್ತು."

ಅವನು ಇನ್ನೇನೋ ಕೇಳುವವನಿದ್ದ. ಅಷ್ಟರಲ್ಲಿ ಜ್ಯೋತಿ ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಒಂದನ್ನು ಒತ್ತಿದಳು. ಕೋರ್ಟಿನ ತೀರ್ಪನ್ನು ಮರುಪ್ರಸಾರ ಮಾಡುತ್ತಿದ್ದರು. ಅಮರೇಶ್ ಎರಡು ಬೇಕೆಂದ. ರಶ್ಮಿ ಪರೀಕ್ಷೆ ಹತ್ತಿರವಿದೆಯೆಂದಳು. ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಜಗಳವಾಡಿದರು. ಅಕ್ಕ ಗೋಡೆಗೊರಗಿ ಕೇಳುತ್ತಿದ್ದಳು, ಬಿಡಿಸಲು ಹೋಗಲಿಲ್ಲ.

ನಾನು ಕುರುಗೋಡಿಗೆ ಮರಳುವ ದಾರಿಯಲ್ಲಿ ಬಳ್ಳಾರಿಯಲ್ಲಿಳಿದು ಬಾಷಾನಿಗೆ ಕಾರಣ ತಿಳಿಸಿದೆ. ಅವನು ಬಹಳ ಹೊತ್ತು ನಗಲಿಲ್ಲ, ಮರ್ಯಾದೆಗೆ ತಡೆದುಕೊಂಡಿದ್ದ. ಆಮೇಲೆ ತನ್ನ ಗಲ್ಲಾಪೆಟ್ಟಿಗೆಯ ಮೇಲಿದ್ದ ಸಣ್ಣ ಟಿವಿಯನ್ನು ತೋರಿಸಿದ. ಮೊಹರಂನಲ್ಲಿ ಭಕ್ತಿಯಿಂದ ಅದಕ್ಕೆ ಕಟ್ಟಿದ ಕೆಂಪು ದಾರದ ಲಾಡಿ ಗಾಜಿನ ಚುಕ್ಕೆಯ ಮೇಲಿನಿಂದ ಒಂದು ಬದಿಗೆ ಸರಿದಿತ್ತು. "ಇದೂ ಹಿಂಗಽ ಕುಡ್ಡಾಗಿ ಕುಂತಿತ್ತು ಸಾರ್. ಯಾರಿಗೂ ಹೇಳಿರಲಿಲ್ಲ," ಎಂದ. ಆಗ ಇಬ್ಬರೂ ನಕ್ಕೆವು.

ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಮೀಟರ್ ಓದುವವನು ಬಂದಿದ್ದ. ಒರೆಸಲೆಂದು ಕೈಯಲ್ಲಿ ಬಟ್ಟೆ ಹಿಡಿದು ಮೀಟರಿನ ಮುಂದೆ ಹೋದವನು ಅಲ್ಲೇ ನಿಂತ. ಗಾಜು ಸ್ವಚ್ಛವಾಗಿತ್ತು, ಅಂಕಿಗಳು ದೂರದಿಂದಲೇ ಕಾಣುತ್ತಿದ್ದವು.

"ಅಮ್ಮಾರೇ, ಮೀಟರ್ ಹೊಸದು ಹಾಕಿಸಿದ್ರೇನು?"

"ಹಳೇದಽ ಐತಪ," ಎಂದಳು ಅಕ್ಕ ಒಳಗಿನಿಂದ. "ಮ್ಯಾಲ ನೋಡು. ಹಣಿ ಅಲ್ಲೈತಿ."